ಎವನ್‌ಸ್ಟನ್: ಸರೋವರದಿಂದ ಕಾಲುವೆಯವರೆಗೆ

ಷಿಕಾಗೊ ನಗರದ ಉತ್ತರದ ಅಂಚಿಗೆ, ಮಿಶಿಗನ್ ಸರೋವರದ ದಂಡೆಗೆ ಹೊಂದಿಕೊಂಡಿರುವ ಎವನ್‌ಸ್ಟನ್ ಸುಮಾರು 78,000 ಜನರ ಊರು. ವಸತಿಯಲ್ಲಿ ನಡೆದ ಜನಾಂಗಭೇದಕ್ಕಾಗಿ ತನ್ನ ಕಪ್ಪು ನಿವಾಸಿಗಳಿಗೆ ನಗರಾಡಳಿತವೇ ತೆರಿಗೆಯ ಹಣದಿಂದ ಪರಿಹಾರ ಕೊಟ್ಟ ಅಮೆರಿಕದ ಮೊದಲ ಊರೆಂಬ ಹೆಸರು ಇದಕ್ಕಿದೆ. 2021ರ ಮಾರ್ಚ್ 22ರಂದು ಇಲ್ಲಿನ ನಗರಸಭೆ ಒಂದರ ವಿರುದ್ಧ ಎಂಟು ಮತಗಳಿಂದ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೊದಲ ಕಂತು ನಾಲ್ಕು ಲಕ್ಷ ಡಾಲರ್. ತಲಾ 25,000 ಡಾಲರಿನಂತೆ ಹದಿನಾರು ಮಂದಿಗೆ ಅದು ಹಂಚಿಕೆಯಾಗಬೇಕಿತ್ತು. ಈ ಹಣ ಯಾರಿಗೆ, ಯಾವ ಲೆಕ್ಕದಲ್ಲಿ, ಏತಕ್ಕಾಗಿ ಎಂಬುದು ಊರನ್ನು ಪೂರ್ವದಿಂದ ಪಶ್ಚಿಮಕ್ಕೆ, ಸರೋವರದ ದಂಡೆಯಿಂದ ಕಾಲುವೆಯ ದಂಡೆಗೆ, ಒಮ್ಮೆ ನಡೆದರೆ ಅರ್ಥವಾಗುತ್ತದೆ. ದಾರಿ ಮೂರು ಕಿಲೋಮೀಟರ್ ಆಸುಪಾಸು.

ಷಿಕಾಗೊದಿಂದ ಬರುವವರು ಹೊವರ್ಡ್ ನಿಲ್ದಾಣದಲ್ಲಿ ಕೆಂಪು ಮಾರ್ಗದ ರೈಲು ಇಳಿದು ನೇರಳೆ ಮಾರ್ಗದ ರೈಲು ಹತ್ತಬೇಕು. ಅಲ್ಲಿಂದಾಚೆ ಹಳಿಗಳು ಎತ್ತರದ ಏರಿಯ ಮೇಲೆ ಓಡುತ್ತವೆ. ಮೇನ್, ಡೆಂಪ್‌ಸ್ಟರ್ ನಿಲ್ದಾಣಗಳು ಕಳೆದರೆ ಡೇವಿಸ್. ಊರಿನ ಪೇಟೆ ಬೀದಿ ಇದು. ಬ್ಯಾಂಕುಗಳು, ಕಾಫಿ ಅಂಗಡಿಗಳು, ವಿದ್ಯಾರ್ಥಿಗಳ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಇಲ್ಲಿಂದ ಪೂರ್ವಕ್ಕೆ ಹದಿನೈದು ನಿಮಿಷ ನಡೆದರೆ ಸರೋವರ. ನೀರು ಆಚೆಯ ದಡ ಕಾಣದಷ್ಟು ವಿಶಾಲ. ಅದಕ್ಕೆ ಮುಖ ಮಾಡಿದ ಬೀದಿಗಳಲ್ಲಿ ಹಳೆಯ ದೊಡ್ಡ ಮನೆಗಳು, ಅಗಲವಾದ ಹುಲ್ಲುಹಾಸು, ನೂರು ವರ್ಷ ದಾಟಿದ ಮರಗಳು. ಅಮೆರಿಕದ ಉಪಾಧ್ಯಕ್ಷನಾಗಿದ್ದ ಚಾರ್ಲ್ಸ್ ಡಾಸ್‌ನ ಭವ್ಯ ಮನೆಯೂ ಇಲ್ಲೇ ಇದೆ. ಉತ್ತರಕ್ಕೆ 1851ರಲ್ಲಿ ಸ್ಥಾಪನೆಯಾದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ. ಊರು ಬೆಳೆದದ್ದೇ ಅದರ ಸುತ್ತ.

ಈ ಊರಿಗೆ ಮಡಿವಂತಿಕೆಯ ಇತಿಹಾಸವೂ ಇದೆ. ವಿಶ್ವವಿದ್ಯಾಲಯದ ಸುತ್ತ ನಾಲ್ಕು ಮೈಲಿಯೊಳಗೆ ಮದ್ಯ ಮಾರಕೂಡದೆಂಬ ನಿಯಮ 1855ರಿಂದಲೇ ಇತ್ತು. ಮದ್ಯಪಾನ ವಿರೋಧಿ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ ವಾಸವಿದ್ದ ಮನೆ ಇಂದು ಸ್ಮಾರಕ. ಹೋಟೆಲುಗಳಲ್ಲಿ ಮದ್ಯಕ್ಕೆ ಪರವಾನಗಿ ಸಿಕ್ಕಿದ್ದು 1972ರಲ್ಲಿ. ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಲೋಟ ಬಿಯರಿಗೂ ಬಾಗಿಲು ಹಾಕಿದ್ದ ಊರು, ಮುಂದೆ ತನ್ನ ಪರಿಹಾರ ನಿಧಿಯನ್ನು ಗಾಂಜಾ ಮಾರಾಟದ ತೆರಿಗೆಯಿಂದ ಕಟ್ಟಿತು.

ಸರೋವರಕ್ಕೆ ಬೆನ್ನು ಹಾಕಿ ಎಮರ್ಸನ್ ಬೀದಿ ಹಿಡಿದು ಪಶ್ಚಿಮಕ್ಕೆ ನಡೆದರೆ ರೈಲು ಏರಿಗಳ ಸೇತುವೆಗಳ ಕೆಳಗೆ ಹಾಯಬೇಕಾಗುತ್ತದೆ. ಅದರಾಚೆ ಗ್ರೀನ್ ಬೇ ರಸ್ತೆ. ಆ ರಸ್ತೆ ದಾಟಿದರೆ ಐದನೆಯ ವಾರ್ಡು. ಮನೆಗಳು ಚಿಕ್ಕದಾಗುತ್ತವೆ, ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಮರದ ಹಲಗೆ ಹೊದಿಸಿದ ಗೋಡೆ, ಮುಂದೊಂದು ಪುಟ್ಟ ಜಗುಲಿ, ನಡುನಡುವೆ ಇಟ್ಟಿಗೆಯ ಎರಡಂತಸ್ತಿನ ಕಟ್ಟಡಗಳು. ವಾರ್ಡಿನ ಪಶ್ಚಿಮಕ್ಕೂ ಉತ್ತರಕ್ಕೂ ಕಾಲುವೆ, ಪೂರ್ವಕ್ಕೆ ರೈಲು ಹಳಿ. ನಕ್ಷೆಯ ಮೇಲೆ ಇದು ಒಂದು ತ್ರಿಕೋನ. ಎವನ್‌ಸ್ಟನ್ನಿನ ಕಪ್ಪು ಜನ ಈ ತ್ರಿಕೋನದೊಳಗೆ ಬಂದು ಸೇರಿದ್ದು ತಾವಾಗಿ ಆರಿಸಿಕೊಂಡಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕಪ್ಪು ಕುಟುಂಬಗಳು ಊರಿನ ಹಲವು ಭಾಗಗಳಲ್ಲಿ ಚದುರಿದ್ದವು. ಸರೋವರದ ಬದಿಯ ದೊಡ್ಡ ಮನೆಗಳಲ್ಲಿ ಅಡುಗೆ, ತೋಟ, ಕುದುರೆ ಗಾಡಿಯ ಕೆಲಸ ಅವರಿಗೆ ಸಿಗುತ್ತಿತ್ತು. ದಕ್ಷಿಣದ ರಾಜ್ಯಗಳ ದೌರ್ಜನ್ಯ ತಪ್ಪಿಸಿಕೊಂಡು ಲಕ್ಷಾಂತರ ಜನ ಉತ್ತರಕ್ಕೆ ಬಂದ ಮಹಾ ವಲಸೆಯ ಕಾಲದಲ್ಲಿ ಇಲ್ಲಿಗೂ ಅನೇಕರು ಬಂದರು. ಅವರಲ್ಲಿ ಬಹಳ ಮಂದಿ ದಕ್ಷಿಣ ಕೆರೊಲಿನಾದ ಆಬ್‌ವಿಲ್ ಎಂಬ ಒಂದೇ ಪ್ರದೇಶದವರು. ಮೊದಲು ಬಂದವರು ನೆಲೆ ನಿಂತು ನಂಟರಿಷ್ಟರನ್ನು ಕರೆಸಿಕೊಂಡರು. ಸಂಖ್ಯೆ ಹೆಚ್ಚಿದಂತೆ ಊರಿನ ಧೋರಣೆ ಬಿಗಿಯಾಯಿತು. ಕೆಲಸಕ್ಕೆ ಬೇಕಾದ ಕೈಗಳು ನೆರೆಮನೆಗೆ ಬೇಡವಾದವು.

ಬೇಡವೆನ್ನಲು ಯಾರೂ ಬೇಲಿ ಹಾಕಲಿಲ್ಲ. ಎಲ್ಲವೂ ಕಾಗದದ ಮೇಲೆ ನಡೆಯಿತು. ಕೆಲವು ಕ್ರಯಪತ್ರಗಳಲ್ಲಿ ಈ ಆಸ್ತಿಯನ್ನು ಕಪ್ಪು ಜನರಿಗೆ ಮಾರಕೂಡದೆಂಬ ಷರತ್ತು ಸೇರಿತು. 1921ರ ವಲಯ ನಿಯಮದಲ್ಲಿ ಕಪ್ಪು ಕುಟುಂಬಗಳು ವಾಸವಿದ್ದ ಕೆಲವು ಜಾಗಗಳು ವಾಣಿಜ್ಯ ಪ್ರದೇಶವಾದವು. ಬೇರೆಡೆ ಇದ್ದ ಅವರ ಕೆಲವು ಮನೆಗಳನ್ನಂತೂ ಬುಡಸಮೇತ ಎಬ್ಬಿಸಿ ಪಶ್ಚಿಮದ ಈ ತ್ರಿಕೋನಕ್ಕೆ ಸಾಗಿಸಲಾಯಿತು. ಮರದ ಮನೆಯನ್ನು ಪಾಯದಿಂದ ಮೇಲೆತ್ತಿ, ಬೀದಿಯುದ್ದಕ್ಕೂ ಎಳೆದು, ಹೊಸ ಪಾಯದ ಮೇಲೆ ಕೂರಿಸುವುದು ಅಂದಿನ ಅಮೆರಿಕದಲ್ಲಿ ಅಪರೂಪವಲ್ಲದ ಕಸುಬು. ಹೊಸಿಲು, ಮಾಡು, ಕಿಟಕಿ ಎಲ್ಲ ಅವೇ. ವಿಳಾಸ ಮಾತ್ರ ಬೇರೆ. ಆಸ್ತಿಯ ಬೆಲೆ ನಿಂತಿರುವುದು ವಿಳಾಸದ ಮೇಲೆ.

ಮೂವತ್ತರ ದಶಕದಲ್ಲಿ ಇದಕ್ಕೆ ಕೇಂದ್ರ ಸರ್ಕಾರದ ಮುದ್ರೆ ಬಿತ್ತು. ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಳ್ಳುತ್ತಿದ್ದವರಿಗೆ ನೆರವಾಗಲು 1933ರಲ್ಲಿ ಹುಟ್ಟಿದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್, ನಗರಗಳ ಬಡಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ ನಕ್ಷೆ ಬರೆಸಿತು. ಹಸಿರು ಅತ್ಯುತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಎವನ್‌ಸ್ಟನ್ನಿನ ಕಪ್ಪು ಬಡಾವಣೆಗೆ ಕೆಂಪು ಬಳಿದರು. 1934ರಲ್ಲಿ ಆರಂಭವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಗೃಹಸಾಲಕ್ಕೆ ವಿಮೆ ಕೊಡುವಾಗ ಇಂಥ ಬಡಾವಣೆಗಳನ್ನು ದೂರವಿಟ್ಟಿತು. ವಿಮೆಯಿಲ್ಲದ ಕಡೆ ಬ್ಯಾಂಕು ಸಾಲ ಕೊಡಲಿಲ್ಲ. ಇಡೀ ಪದ್ಧತಿಗೆ ರೆಡ್‌ಲೈನಿಂಗ್ ಎಂಬ ಹೆಸರು ಬಂದದ್ದು ಹೀಗೆ.

ತ್ರಿಕೋನದೊಳಗೆ ಜನ ಕೈಕಟ್ಟಿ ಕೂರಲಿಲ್ಲ. ಊರಿನ ಆಸ್ಪತ್ರೆಯ ಬಾಗಿಲು ತಮಗೆ ಮುಚ್ಚಿದ್ದ ಕಾಲದಲ್ಲಿ, 1914ರಲ್ಲಿ, ಡಾ. ಇಸಬೆಲ್ಲಾ ಗಾರ್ನೆಟ್ ಮತ್ತು ಅವರ ಪತಿ ಡಾ. ಆರ್ಥರ್ ಬಟ್ಲರ್ ತಮ್ಮ ಮನೆಯಲ್ಲೇ ಆಸ್ಪತ್ರೆ ತೆರೆದರು. ಅದೇ ಮುಂದೆ ಬೆಳೆದು ಕಮ್ಯುನಿಟಿ ಹಾಸ್ಪಿಟಲ್ ಆಯಿತು. ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಜಾಗ ಸಿಗದ ಕಪ್ಪು ವಿದ್ಯಾರ್ಥಿಗಳಿಗೆ ಈ ಬೀದಿಗಳ ಮನೆಗಳವರು ಕೋಣೆ ಕೊಟ್ಟರು. ಎಮರ್ಸನ್ ಬೀದಿಯ ವೈಎಂಸಿಎ, ಎಬೆನೆಜರ್ ಚರ್ಚು, ಫಾಸ್ಟರ್ ಶಾಲೆ ಇವು ವಾರ್ಡಿನ ಕಂಬಗಳಾಗಿದ್ದವು. 1905ರಲ್ಲಿ ತೆರೆದ ಆ ಶಾಲೆ ಅರವತ್ತರ ದಶಕದ ಕೊನೆಯಲ್ಲಿ ವರ್ಣಭೇದ ನಿವಾರಣೆಯ ಹೆಸರಿನಲ್ಲೇ ಬಡಾವಣೆಯ ಶಾಲೆಯಾಗಿ ಉಳಿಯಲಿಲ್ಲ. ಇಲ್ಲಿನ ಮಕ್ಕಳು ಬಸ್ಸು ಹತ್ತಿ ಊರಿನ ಬೇರೆ ಬೇರೆ ಶಾಲೆಗಳಿಗೆ ಹಂಚಿಹೋದರು. ಸಮಾನತೆಯ ಪ್ರಯಾಣದ ಖರ್ಚನ್ನೂ ಈ ವಾರ್ಡಿನ ಮಕ್ಕಳೇ ಹೊತ್ತರು.

ಮನೆಯೊಂದರ ವಿಳಾಸಕ್ಕೂ ತಲೆಮಾರುಗಳ ಸಂಪತ್ತಿಗೂ ಇರುವ ನಂಟನ್ನು ಇಲ್ಲಿ ನಿಂತು ನೋಡಬೇಕು. ಅಮೆರಿಕದ ಮಧ್ಯಮ ವರ್ಗದ ಮಟ್ಟಿಗೆ ಪಿತ್ರಾರ್ಜಿತ ಎಂದರೆ ಬಹುಪಾಲು ಮನೆಯೇ. ತಿಂಗಳ ಕಂತು ಕಟ್ಟಿದಂತೆ ಸಾಲ ಇಳಿಯುತ್ತದೆ, ಬೆಲೆ ಏರುತ್ತದೆ. ನಡುವಿನ ಅಂತರವೇ ಕುಟುಂಬದ ಗಂಟು. ಅದರ ಮೇಲೆ ಸಾಲ ಎತ್ತಿ ಮಗಳನ್ನು ಕಾಲೇಜಿಗೆ ಕಳಿಸಬಹುದು, ಮಗನ ಅಂಗಡಿಗೆ ಬಂಡವಾಳ ಹಾಕಬಹುದು, ಕಾಯಿಲೆ ಬಂದಾಗ ಬೀದಿಗೆ ಬೀಳದೆ ಉಳಿಯಬಹುದು. ಕಣ್ಣು ಮುಚ್ಚಿದ ಮೇಲೆ ಮನೆ ಮಕ್ಕಳ ಖಾತೆಗೆ ಹೋಗುತ್ತದೆ. ಅವರು ತಮ್ಮ ಮನೆಯ ಮುಂಗಡಕ್ಕೆ ಪರದಾಡಬೇಕಿಲ್ಲ. ಎರಡನೆಯ ಮಹಾಯುದ್ಧದ ನಂತರದ ಮೂವತ್ತು ವರ್ಷಗಳಲ್ಲಿ ಬಿಳಿಯ ಕುಟುಂಬಗಳು ಅಗ್ಗದ ಸಾಲದಿಂದ ಈ ಏಣಿ ಹತ್ತಿದವು. ಸಾಲ ಸಿಗದ ಕಪ್ಪು ಕುಟುಂಬಗಳು ಬಾಡಿಗೆಗೆ ಉಳಿದವು, ಇಲ್ಲವೇ ಕರಾರು ಖರೀದಿಗೆ ಸಿಕ್ಕಿಬಿದ್ದವು. ಕಂತುಗಳೆಲ್ಲ ತೀರುವವರೆಗೆ ಮನೆಯ ಹಕ್ಕು ಮಾರಿದವನ ಹೆಸರಲ್ಲೇ ಇರುತ್ತಿದ್ದ ಪದ್ಧತಿ ಅದು. ಒಂದು ಕಂತು ತಪ್ಪಿದರೂ ಮನೆಯೂ ಹೋಗುತ್ತಿತ್ತು, ಕಟ್ಟಿದ ಹಣವೂ ಹೋಗುತ್ತಿತ್ತು. ಐವತ್ತು, ಅರವತ್ತರ ದಶಕಗಳಲ್ಲಿ ಷಿಕಾಗೊದ ಕಪ್ಪು ಕುಟುಂಬಗಳು ಹೀಗೆ ಕಳೆದುಕೊಂಡ ಹಣ ಇಂದಿನ ಲೆಕ್ಕದಲ್ಲಿ 320 ಕೋಟಿಯಿಂದ 400 ಕೋಟಿ ಡಾಲರ್ ಎಂದು ಡ್ಯೂಕ್ ವಿಶ್ವವಿದ್ಯಾಲಯದ 2019ರ ಅಧ್ಯಯನ ಅಂದಾಜು ಮಾಡಿತು. ಷರತ್ತಿನ ಕ್ರಯಪತ್ರಗಳನ್ನು ನ್ಯಾಯಾಲಯಗಳು ಜಾರಿ ಮಾಡಕೂಡದೆಂದು ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು, ವಸತಿ ಭೇದವನ್ನೇ ಕಾನೂನುಬಾಹಿರವಾಗಿಸಿದ ಕಾಯ್ದೆ 1968ರಲ್ಲಿ ಬಂತು. ಅಷ್ಟರಲ್ಲಿ ಒಂದು ತಲೆಮಾರು ಸಾಲ ಪಡೆಯುವ ವಯಸ್ಸು ದಾಟಿತ್ತು. ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯ ಪ್ರಕಾರ ದೇಶದ ಬಿಳಿಯ ಕುಟುಂಬಗಳ ಮಧ್ಯಾಂಕ ಸಂಪತ್ತು ಸುಮಾರು 2,85,000 ಡಾಲರ್, ಕಪ್ಪು ಕುಟುಂಬಗಳದು ಸುಮಾರು 45,000. ಎವನ್‌ಸ್ಟನ್ನಿನ ಒಳಗೇ, ಐದನೆಯ ವಾರ್ಡಿನ ಬದಿಗೂ ಊರಿನ ಸಿರಿವಂತ ಬಡಾವಣೆಗೂ ನಡುವೆ ಜನರ ನಿರೀಕ್ಷಿತ ಆಯುಷ್ಯದಲ್ಲಿ ಹದಿಮೂರು ವರ್ಷಗಳಷ್ಟು ಅಂತರ ಕಂಡುಬಂದಿದೆ.

ಪರಿಹಾರದ ಮಾತು ನಗರಸಭೆಯ ಮೇಜಿಗೆ ಬಂದದ್ದು 2019ರಲ್ಲಿ. ಅದನ್ನು ತಂದವರು ಐದನೆಯ ವಾರ್ಡಿನ ಸದಸ್ಯೆ ರಾಬಿನ್ ರೂ ಸಿಮನ್ಸ್, ಅದೇ ವಾರ್ಡಿನಲ್ಲಿ ಬೆಳೆದವರು. ಆ ಹೊತ್ತಿಗೆ ಇಲಿನಾಯ್ ರಾಜ್ಯ 2020ರ ಜನವರಿ 1ರಿಂದ ಗಾಂಜಾ ಮಾರಾಟಕ್ಕೆ ಅನುಮತಿ ಕೊಡಲು ತೀರ್ಮಾನಿಸಿತ್ತು. ಎವನ್‌ಸ್ಟನ್ನಿನಲ್ಲಿ ಅದಕ್ಕೂ ಹಿಂದಿನ ಮೂರು ವರ್ಷ ಗಾಂಜಾ ಇಟ್ಟುಕೊಂಡ ಆರೋಪದಲ್ಲಿ ಬಂಧನವಾದವರಲ್ಲಿ ಶೇ 71ರಷ್ಟು ಕಪ್ಪು ಜನ. ಊರಿನ ಜನಸಂಖ್ಯೆಯಲ್ಲಿ ಅವರ ಪಾಲು ಶೇ 17ಕ್ಕಿಂತ ಕಡಿಮೆ. ಯಾವ ಸೊಪ್ಪಿಗಾಗಿ ತಮ್ಮ ಹುಡುಗರು ಲಾಕಪ್ಪು ಕಂಡರೋ ಅದೇ ಸೊಪ್ಪು ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಮಾರಾಟವಾಗುವಾಗ, ಅದರ ತೆರಿಗೆಯಲ್ಲಿ ಅವರ ಕುಟುಂಬಗಳಿಗೆ ಪಾಲು ಇರಬೇಕೆಂಬುದು ವಾದ. ಮಾರಾಟದ ಮೇಲಿನ ಶೇ 3ರ ತೆರಿಗೆಯಿಂದ ಒಂದು ಕೋಟಿ ಡಾಲರ್‌ವರೆಗೆ ನಿಧಿಗೆ ಮೀಸಲಿಡಲು 2019ರ ನವೆಂಬರಿನಲ್ಲಿ ನಿರ್ಣಯವಾಯಿತು.

ಅನ್ಯಾಯವಾಗಿದೆ ಎಂದರೆ ಸಾಲದು, ನಗರಾಡಳಿತವೇ ಅದಕ್ಕೆ ಕಾರಣ ಎಂದು ತೋರಿಸಬೇಕಿತ್ತು. ಆ ಕೆಲಸವನ್ನು ಇಬ್ಬರು ಇತಿಹಾಸಕಾರರು ಮಾಡಿದರು: ಕಪ್ಪು ಸಮುದಾಯದ ದಾಖಲೆಗಳನ್ನು ಸಂಗ್ರಹಿಸುವ ಶೋರ್‌ಫ್ರಂಟ್ ಸಂಸ್ಥೆಯ ಸ್ಥಾಪಕ ಡೀನೊ ರಾಬಿನ್‌ಸನ್ ಮತ್ತು ಎವನ್‌ಸ್ಟನ್ ಇತಿಹಾಸ ಕೇಂದ್ರದ ಜೆನ್ನಿ ಥಾಂಪ್ಸನ್. ಅವರ ವರದಿ ಇಪ್ಪತ್ತನೆಯ ಶತಮಾನದ ನಗರ ನಿಯಮಗಳನ್ನೂ ಅವು ಕಪ್ಪು ನಿವಾಸಿಗಳ ಮೇಲೆ ಮಾಡಿದ ಪರಿಣಾಮವನ್ನೂ ಒಂದೊಂದಾಗಿ ಮುಂದಿಟ್ಟಿತು. ಅರ್ಹತೆಯ ಗಡಿ ಅದರಿಂದಲೇ ಮೂಡಿತು. 1919ರಿಂದ 1969ರ ನಡುವೆ ಹದಿನೆಂಟು ತುಂಬಿ ಎವನ್‌ಸ್ಟನ್ನಿನಲ್ಲಿ ವಾಸವಿದ್ದ ಕಪ್ಪು ನಿವಾಸಿಗಳು ಮೊದಲ ಸಾಲಿನವರು. ಯೋಜನೆಯ ಭಾಷೆಯಲ್ಲಿ ಅವರ ಹೆಸರು 'ಪೂರ್ವಜರು'. ಎರಡನೆಯ ಸಾಲು ಅವರ ನೇರ ವಾರಸುದಾರರದು. 1969ರ ನಂತರ ನಗರಾಡಳಿತದ ಕ್ರಮದಿಂದಲೇ ವಸತಿ ಭೇದ ಅನುಭವಿಸಿದವರಿಗೂ ಅವಕಾಶವಿತ್ತು.

ಅರ್ಜಿಗೆ ದಾಖಲೆ ಬೇಕಿತ್ತು. ಎಂಬತ್ತು ದಾಟಿದವರು ಜನನ ಪತ್ರ, ಶಾಲೆಯ ದಾಖಲಾತಿ, ಹಳೆಯ ಜನಗಣತಿಯ ಹಾಳೆ, ಮನೆಯ ಪತ್ರ ಹುಡುಕಿಕೊಂಡು ಹೊರಟರು. ಕಾಗದದಿಂದ ಹೊರಗಿಟ್ಟ ಊರು ಒಳಗೆ ಬಿಟ್ಟುಕೊಳ್ಳಲೂ ಕಾಗದವನ್ನೇ ಕೇಳಿತು. ಆದರೂ ಪೆಟ್ಟಿಗೆಯ ತಳದಲ್ಲಿದ್ದ ಒಂದು ಶಾಲಾ ವರ್ಷಪುಸ್ತಕ, ಅದರಲ್ಲಿ ಹದಿಹರೆಯದ ತನ್ನದೇ ಮುಖ, ಕೆಳಗೆ ತನ್ನ ಹೆಸರು ಇಂಥವು ಈಗ ಆಸ್ತಿಪತ್ರದಷ್ಟು ತೂಕ ಪಡೆದವು. ಪೂರ್ವಜರ ಪಟ್ಟಿಯೇ ನೂರು ದಾಟಿತು, ಹಣವಿದ್ದದ್ದು ಹದಿನಾರು ಮಂದಿಗೆ. 2022ರ ಜನವರಿಯಲ್ಲಿ ಲಾಟರಿ ಎತ್ತಿ ಹದಿನಾರು ಹೆಸರು ಆರಿಸಲಾಯಿತು. ಸರದಿಗಾಗಿ ಕಾಯುತ್ತಲೇ ಕೆಲವರು ತೀರಿಕೊಂಡರು.

25,000 ಡಾಲರಿಗೆ ಎವನ್‌ಸ್ಟನ್ನಿನಲ್ಲಿ ಮನೆ ಬರುವುದಿಲ್ಲ. ಅದು ಮಾಡಬಲ್ಲ ಕೆಲಸ ಬೇರೆ. ಮೂಲ ಯೋಜನೆ ಮೂರು ಬಳಕೆಗಳನ್ನು ಹೇಳಿತು: ಊರಿನೊಳಗೆ ಮನೆ ಕೊಳ್ಳಲು ಮುಂಗಡ, ಇರುವ ಮನೆಯ ದುರಸ್ತಿ, ಇರುವ ಗೃಹಸಾಲದ ತೀರುವಳಿ. ಮಾಡು ಸೋರುವ, ಪಾಯ ಕುಸಿಯುವ ಹಳೆಯ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುವ ಸಂದರ್ಭವನ್ನು ಎಣಿಸಿದರೆ ಎರಡನೆಯದರ ಮಹತ್ವ ತಿಳಿಯುತ್ತದೆ. ದುರಸ್ತಿಗೆ ಹಣವಿಲ್ಲದ ಮನೆ ಸಿಕ್ಕಿದ ಬೆಲೆಗೆ ದಲ್ಲಾಳಿಯ ಪಾಲಾಗುತ್ತದೆ, ಅಲ್ಲಿಗೆ ಮೂರು ತಲೆಮಾರಿನ ಕಂತುಗಳು ಮುಗಿದಂತೆ. ಹೊಸ ಮಾಡು ಬಿದ್ದ ಮನೆ ಮೊಮ್ಮಕ್ಕಳವರೆಗೆ ನಿಲ್ಲುತ್ತದೆ. ಮೊದಲ ಹದಿನಾರು ಮಂದಿಯಲ್ಲಿ ಒಬ್ಬ ಹಿರಿಯರು ತಮ್ಮ ಪಾಲನ್ನು ಮಗನ ಗೃಹಸಾಲಕ್ಕೆ ಕಟ್ಟಿಸಿದರು. ತಂದೆಗೆ ತಪ್ಪಿದ್ದು ತಂದೆಯ ಮೂಲಕವೇ ಮಗನನ್ನು ಮುಟ್ಟಿತು.

ಆರಂಭದಲ್ಲಿ ಹಣ ಫಲಾನುಭವಿಯ ಕೈಗೆ ಬರುತ್ತಿರಲಿಲ್ಲ. ಬ್ಯಾಂಕಿಗೋ ದುರಸ್ತಿಯ ಗುತ್ತಿಗೆದಾರರಿಗೋ ನೇರವಾಗಿ ಹೋಗುತ್ತಿತ್ತು. ನಗದಾಗಿ ಕೊಟ್ಟರೆ ಅದರ ಮೇಲೆ ಕೇಂದ್ರದ ಆದಾಯ ತೆರಿಗೆ ಬೀಳಬಹುದೆಂಬುದು ನಗರಾಡಳಿತ ಕೊಟ್ಟ ಕಾರಣ. ಬಾಡಿಗೆ ಮನೆಯಲ್ಲೇ ವಯಸ್ಸು ಕಳೆದವರ ವಿಷಯದಲ್ಲಿ ಈ ನಿಯಮದ ತೊಡಕು ಬಯಲಾಯಿತು. ದುರಸ್ತಿ ಮಾಡಿಸಲು ಸ್ವಂತ ಮನೆಯಿಲ್ಲ, ಈ ವಯಸ್ಸಿನಲ್ಲಿ ಹೊಸ ಸಾಲದ ಹೊರೆ ಬೇಕಿಲ್ಲ. ವಸತಿ ಭೇದದಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರಿಗೇ ವಸತಿ ಪರಿಹಾರ ದಕ್ಕದೆ ಹೋಗುವಂತಿತ್ತು. 2023ರ ಮಾರ್ಚಿನಲ್ಲಿ ನಗರಸಭೆ ನಗದು ಪಾವತಿಯನ್ನೂ ನಾಲ್ಕನೆಯ ಆಯ್ಕೆಯಾಗಿ ಸೇರಿಸಿತು.

ನಿಧಿ ತುಂಬುವ ವೇಗ ಎಣಿಸಿದಷ್ಟು ಇರಲಿಲ್ಲ. ಊರಿನಲ್ಲಿ ಗಾಂಜಾ ಅಂಗಡಿ ಇದ್ದದ್ದು ಒಂದೇ. ಹಾಗಾಗಿ 2022ರ ಕೊನೆಯಲ್ಲಿ ಆಸ್ತಿ ವರ್ಗಾವಣೆ ತೆರಿಗೆಯಿಂದ ವರ್ಷಕ್ಕೆ ಹತ್ತು ಲಕ್ಷದಂತೆ ಹತ್ತು ವರ್ಷಗಳಲ್ಲಿ ಇನ್ನೊಂದು ಕೋಟಿ ಡಾಲರ್ ಕೂಡಿಸಲು ತೀರ್ಮಾನವಾಯಿತು. ಹದಿನೈದು ಲಕ್ಷ ಡಾಲರಿಗೂ ಮೇಲ್ಪಟ್ಟ ಆಸ್ತಿಗಳ ಮಾರಾಟಕ್ಕೆ ಈ ತೆರಿಗೆಯ ದರ ಹೆಚ್ಚು. ಅಂದರೆ ಸರೋವರದ ಬದಿಯ ದೊಡ್ಡ ಮನೆಯೊಂದು ಕೈ ಬದಲಾಯಿಸಿದಾಗ ಅದರ ಒಂದು ಪಾಲು ಕಾಲುವೆಯ ಬದಿಯ ಚಿಕ್ಕ ಮನೆಯ ಮಾಡಿಗೆ ಬರುತ್ತದೆ. ಇದಲ್ಲದೆ ಎವನ್‌ಸ್ಟನ್ ಕಮ್ಯುನಿಟಿ ಫೌಂಡೇಷನ್ ಆಶ್ರಯದಲ್ಲಿ ಪ್ರತ್ಯೇಕ ಸಮುದಾಯ ನಿಧಿಯೊಂದಿದೆ. ಚರ್ಚುಗಳು, ಸಿನಗಾಗ್‌ಗಳು, ಸಾಮಾನ್ಯ ನಾಗರಿಕರು ಅದಕ್ಕೆ ದೇಣಿಗೆ ಕೊಡುತ್ತಾರೆ. ಹದಿನಾರರಿಂದ ಆರಂಭವಾದ ಫಲಾನುಭವಿಗಳ ಸಂಖ್ಯೆ ಮೂರು ವರ್ಷಗಳೊಳಗೆ ನೂರು ದಾಟಿತು.

ಯೋಜನೆಯನ್ನು ವಿರೋಧಿಸಿದವರೆಲ್ಲ ಒಂದೇ ಕಡೆಯವರಲ್ಲ. ನಗರಸಭೆಯಲ್ಲಿ ವಿರುದ್ಧ ಬಿದ್ದ ಆ ಒಂದು ಮತ ಸಿಸಿಲಿ ಫ್ಲೆಮಿಂಗ್ ಅವರದು. ಅವರೂ ಕಪ್ಪು ಮಹಿಳೆಯೇ. ಪರಿಹಾರ ಪಡೆಯುವವರಿಗೆ ಅದನ್ನು ಹೇಗೆ ಬಳಸಬೇಕೆಂದು ತೀರ್ಮಾನಿಸುವ ಹಕ್ಕೂ ಇರಬೇಕು, ಇದು ಪರಿಹಾರದ ಹೆಸರಿಟ್ಟ ವಸತಿ ಯೋಜನೆ ಎಂಬುದು ಅವರ ಆಕ್ಷೇಪ. ಅರ್ಥಶಾಸ್ತ್ರಜ್ಞ ವಿಲಿಯಂ ಡ್ಯಾರಿಟಿ ಮತ್ತು ಲೇಖಕಿ ಕರ್ಸ್ಟನ್ ಮಲೆನ್ ಪ್ರಕಾರ ಗುಲಾಮಗಿರಿಯಿಂದ ಇಂದಿನವರೆಗಿನ ಸಂಪತ್ತಿನ ಕಂದಕವನ್ನು ಮುಚ್ಚುವ ಶಕ್ತಿ ಕೇಂದ್ರ ಸರ್ಕಾರಕ್ಕೆ ಮಾತ್ರ ಇದೆ. ಒಂದು ಊರಿನ ಅನುದಾನಕ್ಕೆ ಪರಿಹಾರವೆಂಬ ಹೆಸರು ಸಲ್ಲದೆಂಬುದು ಅವರ ನಿಲುವು. ಇನ್ನೊಂದು ಕಡೆಯಿಂದ, 2024ರಲ್ಲಿ ಜುಡಿಷಿಯಲ್ ವಾಚ್ ಎಂಬ ಸಂಸ್ಥೆಯ ವಕೀಲರು ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಜನಾಂಗದ ಆಧಾರದ ಮೇಲೆ ಹಣ ಕೊಡುವುದು ಸಂವಿಧಾನದ ಸಮಾನ ರಕ್ಷಣೆಯ ವಿಧಿಗೆ ವಿರುದ್ಧವೆಂಬುದು ಅವರ ವಾದ. ಎವನ್‌ಸ್ಟನ್ ಊರನ್ನೂ ವರ್ಷಗಳನ್ನೂ ಗೆರೆ ಎಳೆದು ನಿಗದಿ ಮಾಡಿದ್ದು, ತನ್ನದೇ ನಿಯಮಗಳಿಂದ ಆದ ಹಾನಿಗೆ ಮಾತ್ರ ಹೊಣೆ ಹೊತ್ತಿದ್ದು, ಇಂಥ ಪ್ರಶ್ನೆಗೆ ಉತ್ತರ ಕೊಡಬೇಕಾಗುವುದನ್ನು ಮುಂಚೆಯೇ ಊಹಿಸಿದಂತಿದೆ.

ಬೇರೆಡೆಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪ ತಾಳಿದೆ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ವಿಲ್ಲಾ ಮತ್ತು ಚಾರ್ಲ್ಸ್ ಬ್ರೂಸ್ ದಂಪತಿ 1912ರಿಂದ ನಡೆಸುತ್ತಿದ್ದ ಕಡಲ ತೀರದ ವಿಹಾರಧಾಮವನ್ನು ಊರಿನ ಆಡಳಿತ ಉದ್ಯಾನದ ನೆಪದಲ್ಲಿ ಕಿತ್ತುಕೊಂಡಿತ್ತು. ಆ ಜಾಗ 2022ರಲ್ಲಿ ಅವರ ವಂಶಸ್ಥರಿಗೆ ಮರಳಿತು. ಮರುವರ್ಷ ಕುಟುಂಬ ಅದನ್ನು ಲಾಸ್ ಏಂಜಲೀಸ್ ಕೌಂಟಿಗೆ ಎರಡು ಕೋಟಿ ಡಾಲರಿಗೆ ಮಾರಿತು. ಮಿನೆಸೋಟಾದ ಸೇಂಟ್ ಪಾಲ್ ನಗರ, ಹೆದ್ದಾರಿಗಾಗಿ ಕೆಡವಿದ ರೊಂಡೊ ಬಡಾವಣೆಯ ಆಸ್ತಿದಾರರ ವಾರಸುದಾರರಿಗೆ 'ಇನ್ಹೆರಿಟೆನ್ಸ್ ಫಂಡ್' ಮೂಲಕ ಮನೆ ಕೊಳ್ಳಲು ನೆರವಾಗುತ್ತದೆ. ಕನೆಕ್ಟಿಕಟ್ ರಾಜ್ಯ 2023ರ ಜುಲೈನಿಂದ ಹುಟ್ಟಿದ, ಸರ್ಕಾರಿ ಆರೋಗ್ಯ ವಿಮೆಯಡಿ ಬರುವ ಪ್ರತಿ ಬಡ ಮಗುವಿನ ಹೆಸರಲ್ಲೂ 3,200 ಡಾಲರ್ ಹೂಡುತ್ತದೆ. ಅಲ್ಲಿ ಜನಾಂಗದ ಮಾತಿಲ್ಲ, ತೊಟ್ಟಿಲಿಗೇ ಒಂದು ಗಂಟು ಕಟ್ಟುವ ಉಪಾಯವಿದೆ. ಫಿಲಡೆಲ್ಫಿಯಾದ ತೊಂದರೆ ಇನ್ನೂ ಸರಳ, ಇನ್ನೂ ಕಠಿಣ. ಅಜ್ಜಿ ತೀರಿಹೋದರೂ ಮನೆ ಅವರ ಹೆಸರಿನಲ್ಲೇ ಉಳಿದಿರುತ್ತದೆ, ಖಾತೆ ಬದಲಾಗಿರುವುದಿಲ್ಲ. ಇಂಥ ಮನೆಗಳು ಆ ನಗರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚೆಂದು 2021ರ ಪ್ಯೂ ಅಧ್ಯಯನ ಹೇಳಿತು. ಪತ್ರ ಸರಿಯಿಲ್ಲದ ಮನೆಯ ಮೇಲೆ ದುರಸ್ತಿ ಅನುದಾನವಾಗಲಿ ಸಾಲವಾಗಲಿ ಸಿಗುವುದು ಕಷ್ಟ.

ಎವನ್‌ಸ್ಟನ್ನಿನ ಈ ಕಥೆಗೆ ಭಾರತೀಯರು ತೀರಾ ಹೊರಗಿನವರಲ್ಲ. ರೈಲು ಬದಲಿಸುವ ಹೊವರ್ಡ್‌ನಿಂದ ತುಸು ದಕ್ಷಿಣಕ್ಕೆ, ಬೇಳೆಕಾಳು, ಸೀರೆ, ಬಂಗಾರದಂಗಡಿಗಳ ಡೆವೊನ್ ಬೀದಿಯಿದೆ. ಷಿಕಾಗೊ ಸೀಮೆಯ ಕನ್ನಡಿಗರಿಗೆ ವಿದ್ಯಾರಣ್ಯ ಕನ್ನಡ ಕೂಟವಿದೆ. ಇವರ ವಲಸೆಗೆ ಬಾಗಿಲು ತೆರೆದ 1965ರ ಕಾಯ್ದೆ ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲೇ ಬಂದದ್ದು. ಉಪನಗರಗಳಲ್ಲಿ ಬಣ್ಣದ ಕಾರಣಕ್ಕೆ ಮನೆ ನಿರಾಕರಿಸುವಂತಿಲ್ಲ ಎಂದ 1968ರ ಕಾಯ್ದೆಯ ನೆರಳಲ್ಲೇ ಅವರು ಮನೆ ಕೊಂಡರು. ಆ ಕಾಯ್ದೆಗಾಗಿ ಬೀದಿಗಿಳಿದವರಲ್ಲಿ ಅನೇಕರಿಗೆ ಸ್ವಂತ ಮನೆ ಕೊಳ್ಳುವ ವಯಸ್ಸು ಅಷ್ಟರಲ್ಲಿ ಮೀರಿತ್ತು.

ಫಾಸ್ಟರ್ ಬೀದಿ ಹಿಡಿದು ಮುಂದೆ ನಡೆದರೆ ಸಮುದಾಯ ಭವನ, ಕೊನೆಗೆ ಮರಗಳ ಸಾಲಿನ ಹಿಂದೆ ಕಾಲುವೆ. ಸರೋವರದ ನೀರು ಬಿಟ್ಟು ಷಿಕಾಗೊ ನದಿಯ ಕೊಳೆ ತೊಳೆಯಲೆಂದು 1907ರಿಂದ 1910ರವರೆಗೆ ಇದನ್ನು ತೋಡಲಾಯಿತು. ತೋಡಿದವರ ಲೆಕ್ಕದಲ್ಲಿ ಇದು ಚರಂಡಿ ವ್ಯವಸ್ಥೆಯ ಭಾಗ, ಬಡಾವಣೆಯ ಮಟ್ಟಿಗೆ ಗಡಿಗೋಡೆ. ಇಂದು ದಂಡೆಗಳ ಮೇಲೆ ಉದ್ಯಾನಗಳಿವೆ. ಹಸಿರು ಬಣ್ಣದ ನೀರು ಸದ್ದಿಲ್ಲದೆ ಹರಿಯುತ್ತದೆ. ಬಡಾವಣೆಗೆ ಮತ್ತೆ ತನ್ನದೇ ಶಾಲೆ ಬೇಕೆಂಬ ಬೇಡಿಕೆಗೆ ಶಾಲಾ ಮಂಡಳಿ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಶಾಲೆ ಹತ್ತಿರವಿರುವ ಮನೆಗೆ ಬೆಲೆ ಬರುತ್ತದೆ, ಬೆಲೆ ಬಂದರೆ ಆಸ್ತಿ ತೆರಿಗೆಯೂ ಬಾಡಿಗೆಯೂ ಏರುತ್ತವೆ. ಆಗ ಇಲ್ಲಿ ಉಳಿಯುವವರು ಯಾರೆಂಬುದನ್ನು ಮನೆ ಯಾರ ಹೆಸರಿನಲ್ಲಿದೆ ಎಂಬುದು ತೀರ್ಮಾನಿಸುತ್ತದೆ. ಮಾಡು ಭದ್ರವಾಗಿದ್ದು, ಸಾಲ ತೀರಿದ್ದು, ಪತ್ರ ಮಕ್ಕಳ ಹೆಸರಿಗೆ ಸರಿಯಾಗಿ ಬರೆದಿದ್ದರೆ ಏರುವ ಬೆಲೆ ಆ ಕುಟುಂಬದ ಗಂಟಾಗುತ್ತದೆ. ಇಲ್ಲದಿದ್ದರೆ ಮನೆ ಖಾಲಿ ಮಾಡುವ ನೋಟಿಸಾಗುತ್ತದೆ. 25,000 ಡಾಲರಿನ ಅನುದಾನ ಕೆಲಸ ಮಾಡುವುದು ಈ ಎರಡರ ನಡುವಿನ ಜಾಗದಲ್ಲಿ.